ಮುಂದಕ್ಕೆ ಒಂದು, ಹಿಂದಕ್ಕೆ ನಾಲ್ಕು

ಹಲ್ಲಿನ ಡಾಕ್ಟರು ಕ್ಲಚ್ ಒತ್ತಿ, ಒಂದನೇ ಗೇರಿಗೆ ಹಾಕಿ, ಮದುವಣಿಗನ ಗತ್ತಿನಲ್ಲಿ ಎಲ್ಲರಿಗೂ ಕೈ ಬೀಸಿ ಕಾಲು ಸಡಿಲಿಸಿದರು. ಮೂವತ್ತೈದು ವರ್ಷದ ಹಳೆಯ ಕೆಂಪು ಸ್ಪೋರ್ಟ್ಸ್ ಕಾರು ವರ್ಕ್‌ಶಾಪಿನ ಗೇಟಿನ ಕಡೆ ಹೋಗುವ ಬದಲು ಗಕ್ಕನೆ ಹಿಂದಕ್ಕೆ ಜಿಗಿದು, ಹಳೇ ಆಯಿಲಿನ ಡ್ರಮ್ಮನ್ನು ಕೆಡವಿ ನಿಂತಿತು.

"ನಾನು ಒಂದಕ್ಕೇ ಹಾಕಿದ್ದು," ಅಂದರು ಡಾಕ್ಟರು. ನಂಬಿಕೆಯಿಲ್ಲದೆ ಎರಡನೆಯದಕ್ಕೆ ಹಾಕಿದರು. ಕಾರು ಮತ್ತೆ ಹಿಂದಕ್ಕೆ ಸರಿದು ಡ್ರಮ್ಮನ್ನು ಗೋಡೆಗೆ ಒತ್ತಿತು. ರಿವರ್ಸಿಗೆ ಹಾಕಿದರೆ ಮಾತ್ರ ವಿನಯದಿಂದ ಮುಂದೆ ಬಂತು.

"ಮುಂದಕ್ಕೆ ಒಂದು, ಹಿಂದಕ್ಕೆ ನಾಲ್ಕು," ಅಂದ ಪೇಂಟರ್. "ನಮ್ಮ ಯೂನಿಯನ್ನೂ ಹಿಂಗೇ ಓಡ್ತಿರೋದು."

ಎಲ್ಲರ ಕಣ್ಣು ಗೇರಕ್ಕನ ಮೇಲಿತ್ತು. ಇಪ್ಪತ್ತಾರು ವರ್ಷದಿಂದ ಈ ವರ್ಕ್‌ಶಾಪಿನ ಗೇರ್‌ಬಾಕ್ಸ್‌ಗಳೆಲ್ಲ ಅವಳ ಕೈಯಲ್ಲೇ ಬಿಚ್ಚಿಕೊಂಡು ಕೂಡಿದ್ದವು. ಹೆಸರೂ ಹಾಗೆಯೇ ಬಂದಿತ್ತು. ಈ ಕಾರಿನಲ್ಲಿ ಇಂಜಿನ್ನು ಸೀಟಿನ ಬೆನ್ನಿಗೇ ಇರುತ್ತದೆ, ಗೇರೂ ಅಚ್ಚೂ ಒಂದೇ ಡಬ್ಬಿಯಲ್ಲಿರುವ ಟ್ರಾನ್ಸ್‌ಆಕ್ಸಲ್ ಅದರ ಹಿಂದೆ. ಡಾಕ್ಟರಿಗೆ ತಿರುವಿನಲ್ಲಿ ಒಂದು ಚಕ್ರ ಜಾರಿದರೂ ಇನ್ನೊಂದು ನೆಲದ ಹಿಡಿತ ಬಿಡಬಾರದಾಗಿತ್ತು. ಅದಕ್ಕೆಂದೇ ಯಜಮಾನ ಎಲ್ಲಿಂದಲೋ ಲಿಮಿಟೆಡ್ ಸ್ಲಿಪ್ ಇರುವ ಡಬ್ಬಿ ತರಿಸಿದ್ದ. ಕೂರಿಸಿದ್ದು ಗೇರಕ್ಕ.

ಏನಾಗಿದೆಯೆಂದು ಅವಳಿಗೆ ಕಾರು ನಿಲ್ಲುವ ಮೊದಲೇ ಗೊತ್ತಾಗಿತ್ತು. ಒಳಗಿನ ಕ್ರೌನ್ ವೀಲ್, ಅಂದರೆ ಚಕ್ರಗಳನ್ನು ತಿರುಗಿಸುವ ದೊಡ್ಡ ಹಲ್ಲುಚಕ್ರ, ಎಡಕ್ಕಿರಬೇಕಾದದ್ದು ಬಲಕ್ಕಿದೆ. ಇಂಜಿನ್ನು ಬಾಲದಲ್ಲಿರುವ ಕಾರುಗಳಲ್ಲಿ ಅದು ಹಾಗಿರುತ್ತದೆ. ಆ ಡಬ್ಬಿಯನ್ನು ಹಿಂದುಮುಂದು ಮಾಡಿ ಇಲ್ಲಿ ಕೂರಿಸಿದರೆ ಲೋಕವೇ ಹಿಂದುಮುಂದು. ಗೊತ್ತಾಗದೇ ಇದ್ದದ್ದು ಒಂದೇ: ಅದು ಬರುವಾಗಲೇ ಹಾಗಿತ್ತೇ, ಇಲ್ಲಾ ತಾನೇ ಬಿಚ್ಚಿ ತಪ್ಪು ಬದಿಗೆ ಹಾಕಿದೆನೇ?

"ನೀನೇ ಬಿಚ್ಚಿ ಕೂಡಿಸಿದ್ದು, ನಾನೇ ಕಣ್ಣಾರೆ ನೋಡಿದೀನಿ," ಅಂದ ಯಜಮಾನ, ಡಾಕ್ಟರಿಗೆ ಕೇಳುವ ಹಾಗೆ.

"ಬಿಚ್ಚಬೇಡ ಅಂದಿದ್ರಲ್ಲ ನೀವು? ಡಬ್ಬಿ ಕೊಟ್ಟೋರು ನೋಡಿಯೇ ಕಳಿಸಿದಾರೆ, ಹಂಗೇ ಏರಿಸು ಅಂತ."

"ನಾನ್ಯಾಕೆ ಹಂಗಂತೀನಿ? ಗೇರಕ್ಕ, ಹೋದ ವಾರ ಮಂಗಳವಾರ ಬೆಳಿಗ್ಗೆ ಈ ಬೆಂಚಿನ ಮೇಲೆ ಬಿಚ್ಚಿ ಹರಡಿಕೊಂಡು ಕೂತಿದ್ದೆ. ನೆನಪಿಲ್ವಾ?"

ನೆನಪಿತ್ತು. ಅವನು ಹೇಳುತ್ತಿದ್ದಂತೆ ಎಲ್ಲ ಕಣ್ಣೆದುರು ಬಂತು. ಬೆಂಚಿನ ಮೇಲೆ ಹಾಸಿದ ಬಟ್ಟೆ, ಸುಟ್ಟ ಆಯಿಲಿನ ಕಮಟು, ಸಾಲಾಗಿ ಜೋಡಿಸಿದ ಡಬ್ಬಿಯೊಳಗಿನ ಉಕ್ಕಿನ ತಟ್ಟೆಗಳು, ಮುಚ್ಚಳ ಮುಚ್ಚುವ ಮುಂಚೆ ಹೆಬ್ಬೆರಳನ್ನು ನೀಲಿ ಬಣ್ಣದಲ್ಲಿ ಅದ್ದಿದ್ದು. ಆದರೆ ಬಿಚ್ಚಬೇಡ ಅಂದ ಮಾತೂ ಅಷ್ಟೇ ಸ್ಪಷ್ಟವಾಗಿ ಕೇಳಿಸುತ್ತಿತ್ತು. ಎರಡೂ ಅವಳದೇ ನೆನಪು. ಎರಡೂ ಒಟ್ಟಿಗೆ ನಿಜವಾಗುವಂತಿರಲಿಲ್ಲ.

"ಬೈಬೇಡಿ ಪಾಪ, ವಯಸ್ಸಾದಂಗೆ ಹಿಂಗಾಗುತ್ತೆ," ಅಂದರು ಡಾಕ್ಟರು. ಬೈದಿದ್ದರೆ ಅವಳಿಗೆ ಅಷ್ಟು ನೋಯುತ್ತಿರಲಿಲ್ಲ.

ಡಾಕ್ಟರು ಕೈ ತೊಳೆಯಲು ಹೋದಾಗ ಯಜಮಾನ ಆಫೀಸಿನಿಂದ ಜಾಬ್ ಕಾರ್ಡ್ ತಂದ. ಕೆಳಗಿನ ಸಾಲಿನಲ್ಲಿ ಆಗಲೇ ಬರೆದಾಗಿತ್ತು: ಫಿಟ್ಟರ್ ಮರೆವಿನಿಂದ ಆದ ತಪ್ಪು. ಸಹಿ ಮಾತ್ರ ಬಾಕಿ.

"ಸಹಿ ಮಾಡು. ನಿನ್ನನ್ನೇನೂ ಮನೆಗೆ ಕಳಿಸಲ್ಲ. ನಾಳೆಯಿಂದ ವಾಷಿಂಗ್ ಕಡೆ ಹೋಗು, ಅಲ್ಲಿ ತಲೆ ಖರ್ಚಾಗಲ್ಲ."

ಅವಳು ಪೆನ್ನು ತೆಗೆದುಕೊಂಡಳು. ತೆಗೆದುಕೊಂಡದ್ದು ಸಹಿ ಮಾಡಲೆಂದೇ. ಇಪ್ಪತ್ತಾರು ವರ್ಷದಲ್ಲಿ ಯಜಮಾನ ಮಾಡಿದ ಒಂದು ತಪ್ಪಾದರೂ ಯಾವ ಕಾರ್ಡಿನಲ್ಲಾದರೂ ಬರೆದದ್ದುಂಟೇ? ಕಾರ್ಡಿನಲ್ಲಿ ಫಿಟ್ಟರ್‌ಗೆ ಒಂದು ಸಾಲಿದೆ, ಪೇಂಟರ್‌ಗೆ ಒಂದು ಸಾಲಿದೆ, ಯಜಮಾನನಿಗೆ ಸಾಲೇ ಇಲ್ಲ. ಅಚ್ಚು ಹಾಕಿಸುವಾಗಲೇ ಬಿಟ್ಟಿದ್ದಾರೆ.

ಪೆನ್ನು ಕೆಳಗಿಟ್ಟಳು. "ಮೊದಲು ಇಳಿಸಿ ಬಿಚ್ತೀನಿ. ನಾಳೆ ಬೆಳಿಗ್ಗೆ. ಡಾಕ್ಟರೂ ಇರಲಿ."

"ಬಿಚ್ಚಿ ಏನು ನೋಡ್ತೀಯ?"

"ನಂದೇ ಹೆಬ್ಬೆಟ್ಟು."

ಅದು ಅವಳ ಪದ್ಧತಿ. ಹಲ್ಲಿಗೆ ಹಲ್ಲು ಸರಿಯಾಗಿ ಕೂತಿದೆಯೇ ಎಂದು ನೋಡಲು ಸವರುವ ನೀಲಿ ಬಣ್ಣದಲ್ಲಿ ಹೆಬ್ಬೆರಳು ಅದ್ದಿ, ಮುಚ್ಚಳದ ಒಳಮೈಗೆ ಒಂದು ಒತ್ತು. ಹೊರಗೆ ಕಾಣುವುದಿಲ್ಲ, ಯಾರೂ ಹೊಗಳುವುದಿಲ್ಲ. ಅವಳು ಬಿಚ್ಚಿ ಮುಚ್ಚಿದ ಡಬ್ಬಿಯಲ್ಲಿ ಆ ಗುರುತು ಇಲ್ಲದೇ ಇರುವುದಿಲ್ಲ.

ಸಂಜೆ ಮನೆಯಲ್ಲಿ ಅವ್ವ ಕಿಟಕಿಯ ಪಕ್ಕದ ಮಂಚದ ಮೇಲೆ ಕೂತಿದ್ದಳು.

"ಯಾರಮ್ಮ ನೀನು?"

"ನಿನ್ನ ಮಗಳು."

"ನನ್ನ ಮಗಳು ಕೆಲಸಕ್ಕೆ ಹೋಗಿದಾಳೆ. ಭಾರಿ ಜೋರು ಅವಳು. ಬಂದರೆ ನಿನಗೆ ಐತೆ."

ಗೇರಕ್ಕ ನಕ್ಕಳು. ನಗುತ್ತಲೇ ಒಳಗೆ ಹೋಗಿ ಒಲೆ ಆರಿಸಿದೆಯೇ ನೋಡಿದಳು. ಹೊರಗೆ ಬಂದವಳು ಮತ್ತೆ ಹೋಗಿ ನೋಡಿದಳು. ಅವ್ವನಿಗೂ ಶುರುವಾದದ್ದು ಹೀಗೆಯೇ, ಸುಮಾರು ಇದೇ ವಯಸ್ಸಿಗೆ. ಕೂತುಕೊಂಡು ಮಂಗಳವಾರವನ್ನು ಮೊದಲಿನಿಂದ ಹೆಣೆಯಲು ನೋಡಿದಳು. ಬೆಂಚು, ಬಟ್ಟೆ, ಆಯಿಲು. ಮಂಗಳವಾರವೇ ಹೌದಾ? ಅವತ್ತು ಬೆಂಚಿನ ಮೇಲಿದ್ದ ಡಬ್ಬಿ ಬೂದು ಬಣ್ಣದ್ದೋ, ಕರಿಯದೋ? ನೆನೆದಷ್ಟೂ ಚಿತ್ರ ಗಟ್ಟಿಯಾಗುತ್ತಿತ್ತು. ಗಟ್ಟಿಯಾದಷ್ಟೂ ಅದರ ಮೇಲೆ ಅನುಮಾನ.

ಬೆಳಿಗ್ಗೆ ಹನ್ನೊಂದಕ್ಕೆ ಡಬ್ಬಿ ಬೆಂಚಿನ ಮೇಲಿತ್ತು. ಡಾಕ್ಟರು ಬಿಳಿ ಅಂಗಿಗೆ ಮಸಿ ತಾಗದ ದೂರದಲ್ಲಿ ನಿಂತಿದ್ದರು, ಯಜಮಾನ ಫೋನ್ ನೋಡುತ್ತಿದ್ದ. ಅವಳು ಬೋಲ್ಟುಗಳನ್ನು ಒಂದೊಂದಾಗಿ ತೆಗೆದಳು. ಪಕ್ಕದ ಮುಚ್ಚಳ ಅಲುಗಲಿಲ್ಲ. ಮೆಲ್ಲಗೆ ಸುತ್ತಿಗೆಯಿಂದ ತಟ್ಟಿದಳು. ಆಗಲೂ ಇಲ್ಲ. ಕೊನೆಗೆ ಉಳಿ ತಗುಲಿಸಿ ಎಬ್ಬಿಸಿದಾಗ ನಡುವಿನ ಪ್ಯಾಕಿಂಗ್ ಕಾಗದ ಚೂರುಚೂರಾಗಿ ಉದುರಿತು. ಕರಿಗಟ್ಟಿ, ಸುಟ್ಟ ಹಪ್ಪಳದಷ್ಟು ಗರಿಗರಿ.

"ಇದು ಹುಟ್ಟಿದಾಗಿಂದ ಬಿಚ್ಚಿಲ್ಲ," ಅಂದ ಪೇಂಟರ್. "ಯಾರೂ ಬಿಚ್ಚಿಲ್ಲ."

ಅವಳು ಮುಚ್ಚಳವನ್ನು ಬೆಳಕಿಗೆ ಹಿಡಿದಳು. ಒಳಮೈ ಬರೀ ಬೂದು. ನೀಲಿ ಇಲ್ಲ. ಇನ್ನೊಂದು ಬದಿಯ ಮುಚ್ಚಳದಲ್ಲೂ ಇಲ್ಲ. ಕ್ರೌನ್ ವೀಲ್ ಬಲಕ್ಕೇ ಇತ್ತು, ಕಾರ್ಖಾನೆಯಲ್ಲಿ ಹಾಕಿದ ಹಾಗೆ, ಬೇರೆ ಕಾರಿಗೆಂದು.

ಡಾಕ್ಟರು ಯಜಮಾನನ ಕಡೆ ತಿರುಗಿದರು. "ಅಂದ್ರೆ ಇದು ನನ್ನ ಕಾರಿಂದೇ ಅಲ್ಲ?"

"ಕಳಿಸಿದೋರು ಹೇಳಬೇಕಿತ್ತು," ಅಂದ ಯಜಮಾನ, ಫೋನಿನಿಂದ ತಲೆಯೆತ್ತದೆ. ಆಮೇಲೆ, "ಬದಿ ಬದಲಾಯಿಸೋಕೆ ಎಷ್ಟು ದಿನ?"

"ಎರಡು," ಅಂದಳು ಗೇರಕ್ಕ. ಜಾಬ್ ಕಾರ್ಡನ್ನು ಅವನ ಮುಂದಿಟ್ಟಳು. "ಆ ಸಾಲು ಹೊಡೆದು ಹಾಕಿ. ಪಕ್ಕದಲ್ಲಿ ನೀವು ಸಹಿ ಮಾಡಿ."

"ನಂಗೆ ಅದರಲ್ಲಿ ಜಾಗವೇ ಇಲ್ಲ."

"ಅಂಚಿನಲ್ಲಿ ಮಾಡಿ. ಜಾಗ ಬೇಕಾದಷ್ಟಿದೆ."

ಮಾಡಿದ. ಪೇಂಟರ್ ಅವಳ ಬೆನ್ನು ತಟ್ಟಿದ, ವಾಷಿಂಗಿನವರು ನೀರು ನಿಲ್ಲಿಸಿ ಬಂದು ನೋಡಿ ಹೋದರು. "ಗೇರಕ್ಕನ ತಲೆ ಅಂದ್ರೆ ಏನಂದ್ಕೊಂಡ್ರಿ," ಅಂದರು ಯಾರೋ. ಅವಳೊಬ್ಬಳಿಗೆ ಮಾತ್ರ ಗೆದ್ದ ಹಾಗೆ ಅನಿಸಲಿಲ್ಲ. ಬಿಚ್ಚದ ಡಬ್ಬಿಯನ್ನು ಬಿಚ್ಚಿದ್ದು ಅವಳಿಗೆ ನೆನಪಿತ್ತಲ್ಲ. ಆ ಕಮಟು ವಾಸನೆ ಈಗಲೂ ಮೂಗಿನಲ್ಲಿತ್ತು. ಬೇರೆ ಯಾವುದೋ ಡಬ್ಬಿ, ಬೇರೆ ಯಾವುದೋ ವಾರ ಬಂದು ಮಂಗಳವಾರದಲ್ಲಿ ಕೂತಿತ್ತು. ಅದನ್ನು ಕೂರಿಸಿದ್ದು ಅವ್ವನಿಂದ ಬಂದ ಕಾಯಿಲೆಯೋ, ಎಲ್ಲರೆದುರು ಗಟ್ಟಿಯಾಗಿ ಹೇಳಿದವನ ದನಿಯೋ? ಅದನ್ನು ಇಳಿಸಿ ಬಿಚ್ಚಿ ನೋಡಲು ಬೆಂಚಿರಲಿಲ್ಲ.

ಮುಂದಿನ ಎರಡು ದಿನ ಅವಳಿಗೆ ಅದೇ ಕೆಲಸ. ಕ್ರೌನ್ ವೀಲನ್ನು ಎಡಕ್ಕೆ ತಂದಳು, ಹಲ್ಲಿಗೆ ನೀಲಿ ಸವರಿ ಅಳತೆ ನೋಡಿದಳು, ಸಂದು ಸರಿಮಾಡಲು ತಗಡಿನ ಬಿಲ್ಲೆ ಇಟ್ಟು ತೆಗೆದು ಮತ್ತೆ ನೋಡಿದಳು. ಡಬ್ಬಿ ಮುಚ್ಚುವ ಹೊತ್ತಿಗೆ ಪೇಂಟರ್‌ನನ್ನು ಕರೆದಳು.

"ಇಲ್ಲಿ ನೋಡ್ಕೋ."

ಹೆಬ್ಬೆರಳು ಅದ್ದಿ ಮುಚ್ಚಳದ ಒಳಗೆ ಒತ್ತಿದಳು. "ನೋಡಿದೆಯಾ?"

"ನೋಡಿದೆ."

"ಇವತ್ತು ಯಾವ ವಾರ?"

"ಶನಿವಾರ. ಯಾಕಕ್ಕ?"

"ನೆನಪಿಟ್ಕೋ."

ಏನೋ ತಮಾಷೆ ಹೇಳಲು ಬಾಯಿ ತೆರೆದವನು, ಅವಳ ಮುಖ ನೋಡಿ, ಮುಚ್ಚಳದ ಇನ್ನೊಂದು ತುದಿ ಹಿಡಿದುಕೊಂಡ.

ಮಧ್ಯಾಹ್ನ ಡಬ್ಬಿ ಏರಿಸಿದ ಕಾರು ಜಾಕಿನ ಮೇಲಿತ್ತು, ಹಿಂದಿನ ಚಕ್ರಗಳೆರಡೂ ಗಾಳಿಯಲ್ಲಿ. ಪೇಂಟರ್ ಬಲಬದಿಗೆ ಹೋಗಿ ಕುಕ್ಕರಗಾಲಿನಲ್ಲಿ ಕೂತ. ಮಾಮೂಲಿ ಡಬ್ಬಿಯಾದರೆ ಒಂದು ಚಕ್ರ ತಿರುಗಿಸಿದಾಗ ಇನ್ನೊಂದು ಎದುರು ದಿಕ್ಕಿಗೆ ತಿರುಗುತ್ತದೆ, ಲಿಮಿಟೆಡ್ ಸ್ಲಿಪ್ ಸರಿಯಾಗಿ ಕೂತಿದ್ದರೆ ಎರಡೂ ಒಂದೇ ದಿಕ್ಕಿಗೆ. ಗೇರಕ್ಕ ಎಡಚಕ್ರಕ್ಕೆ ಎರಡೂ ಕೈ ಹಾಕಿ ಮೆಲ್ಲಗೆ ಮುಂದಕ್ಕೆ ದೂಡಿದಳು.

"ಇದೂ ಬರ್ತಿದೆ, ಅಕ್ಕ."

"ಯಾವ ಕಡೆಗೆ?"

"ನಿನ್ನ ಕಡೆದು ಬಂದ ಕಡೆಗೇ. ಮುಂದಕ್ಕೆ."

"ಇನ್ನೊಂದ್ಸಲ ಹೇಳು."

"ಮುಂದಕ್ಕೆ."

ಅವಳು ದೂಡುತ್ತಲೇ ಇದ್ದಳು. ಟೈರಿನ ಬದಿಯ ಮೇಲೆ ಅವಳ ಹೆಬ್ಬೆರಳಿನ ನೀಲಿ ಹತ್ತಿಕೊಂಡಿತ್ತು. ಅದು ಕೆಳಗೆ ಹೋಗಿ ಕಾಣದಾಗುತ್ತಿತ್ತು, ಮತ್ತೆ ಮೇಲೆ ಬರುತ್ತಿತ್ತು. ಪ್ರತಿ ಸಲವೂ ಬರುವವರೆಗೆ ಅವಳು ಕಾದು ನೋಡುತ್ತಿದ್ದಳು.