ಅಮ್ಮನ ಇನ್ಸುಲಿನ್ನು, ಮಗನ ಫ್ರಿಜ್ಜು

ಶುಗರ್ ಪರೀಕ್ಷೆಯ ಚೀಟಿ ಬಂದ ದಿನ ಆ ಮನೆಯಲ್ಲಿ ಜಗಳ ಗ್ಯಾರಂಟಿ. ಈ ಸಲವೂ ಅಮ್ಮನ ಶುಗರ್ ಏರಿತ್ತು. ಹೊತ್ತುಹೊತ್ತಿಗೆ ಇನ್ಸುಲಿನ್ ಚುಚ್ಚಿಕೊಳ್ಳುತ್ತಿದ್ದರು, ಊಟದಲ್ಲಿ ಪಥ್ಯ ಮಾಡುತ್ತಿದ್ದರು, ಚಹಾಕ್ಕೆ ಸಕ್ಕರೆ ಬಿಟ್ಟು ಎಷ್ಟೋ ಕಾಲವಾಗಿತ್ತು. ಆದರೂ ಏರಿತ್ತು. ಕಾಲಿನ ಹೆಬ್ಬೆರಳಿನ ಗಾಯ ಒಣಗುತ್ತಲೇ ಇರಲಿಲ್ಲ. ಡಾಕ್ಟರು ಚೀಟಿ ನೋಡಿ, "ಶುಗರ್ ಇಳೀದಿದ್ರೆ ಬೆರಳು ಉಳಿಸೋದು ಕಷ್ಟ ಆಗುತ್ತೆ" ಎಂದು ನೇರವಾಗಿ ಹೇಳಿ ಕಳಿಸಿದ್ದರು.

ಕಾರಣ ಏನೆಂದು ಮಗನಿಗೆ ಗೊತ್ತಿತ್ತು. ಗೊತ್ತಿದೆ ಅಂದುಕೊಂಡಿದ್ದ ಎಂದರೆ ಸರಿ.

"ಅಮ್ಮಾ, ನಿಜ ಹೇಳು. ಕದ್ದು ಏನು ತಿಂತಿದ್ದೀಯ?"

"ನೀವು ತಟ್ಟೆಗೆ ಹಾಕಿದ್ದನ್ನೇ ತಿಂತಿದ್ದೀನಪ್ಪ."

"ಹಾಗಾದ್ರೆ ಶುಗರ್ ಗಾಳೀಲಿ ಬಂತಾ?"

ಇಷ್ಟಕ್ಕೇ ನಿಂತಿದ್ದರೆ ಮನೆಯ ಮಾತು ಮನೆಯಲ್ಲೇ ಉಳಿಯುತ್ತಿತ್ತು. ಮಗ ಬೀದಿ ಮೂಲೆಯ ಅಂಗಡಿಯವನಿಗೂ ಅಮ್ಮನಿಗೆ ಸಿಹಿ ಕೊಡಬೇಡ ಎಂದು ಹೇಳಿಬಂದ. ಮರುದಿನ ಅಮ್ಮ ಸೋಪು ತರಲು ಹೋದರು. ಅಂಗಡಿಯವನು ನಾಲ್ಕು ಜನರ ಎದುರಿಗೆ, "ಸೋಪು ತಗೊಳ್ಳಿ ಅಮ್ಮ, ಬಿಸ್ಕತ್ತು ಮಾತ್ರ ಕೇಳಬೇಡಿ, ನಿಮ್ಮ ಮಗ ನನ್ನ ಸುಮ್ಮನೆ ಬಿಡಲ್ಲ" ಎಂದು ಹಲ್ಲು ಕಿರಿದ. ಇದ್ದವರು ನಕ್ಕರು. ಅಮ್ಮ ಸೋಪನ್ನು ಅಲ್ಲೇ ಬಿಟ್ಟು ಬಂದರು. ಅಂದಿನಿಂದ ಆ ಅಂಗಡಿಗೆ ಕಾಲಿಡಲಿಲ್ಲ.

ಮಗ ಕೆಟ್ಟವನೇನಲ್ಲ. ಪ್ರೀತಿ ಇರುವವರೇ ಇಂಥ ಕೆಲಸ ಮಾಡುವುದು, ಇಲ್ಲದವರಿಗೆ ಯಾರ ಶುಗರ್ ಎಷ್ಟಿದ್ದರೇನು? ಅವನು ಫ್ರಿಜ್ ರಿಪೇರಿ ಮಾಡುವವನು. ಮನೆಯ ಮುಂದಿನ ಕೋಣೆಯೇ ಅವನ ಅಂಗಡಿ. ಅಲ್ಲಿ ಬಾಗಿಲಿಲ್ಲದ ಫ್ರಿಜ್ಜುಗಳು, ಫ್ರಿಜ್ಜಿಲ್ಲದ ಬಾಗಿಲುಗಳು, ಗ್ಯಾಸ್ ಸಿಲಿಂಡರು, ಬಿಲ್ಲು ಮಾಡುವ ಒಂದು ಹಳೆ ಕಂಪ್ಯೂಟರು. ಬೀದಿಯವರೆಲ್ಲ ಅವನನ್ನು ಕೂಲಿಂಗ್ ಅಣ್ಣ ಎಂದೇ ಕರೆಯುತ್ತಿದ್ದರು. ಫ್ರಿಜ್ಜಿನೊಳಗೆ ಕೈಯಿಟ್ಟು ಎಷ್ಟು ಡಿಗ್ರಿ ಎಂದು ಹೇಳುತ್ತೇನೆ ಎನ್ನುವುದು ಅವನ ಹೆಮ್ಮೆ. ಹೇಳಿದ್ದು ಸರಿಯೋ ತಪ್ಪೋ ಎಂದು ಯಾರೂ ಅಳೆದು ನೋಡಿರಲಿಲ್ಲ.

ಇನ್ಸುಲಿನ್ ಮುಗಿಯುತ್ತಾ ಬಂದಾಗ ಸೊಸೆ ಔಷಧಿ ಅಂಗಡಿಗೆ ಹೋದಳು. ಆ ಅಂಗಡಿ ನಡೆಸುವಾಕೆಯನ್ನು ಎಲ್ಲರೂ ಮೆಡಿಕಲ್ ಅಕ್ಕ ಎನ್ನುತ್ತಾರೆ. ಸೊಸೆಗೆ ಆಕೆ ಗೆಳತಿ. ಮನೆಯ ರಾಮಾಯಣವನ್ನೆಲ್ಲ ಕೇಳಿದ ಮೇಲೆ ಅಕ್ಕ ಒಂದೇ ಪ್ರಶ್ನೆ ಹಾಕಿದಳು.

"ನಿಮ್ಮ ಫ್ರಿಜ್ಜಿನೊಳಗೆ ಎಷ್ಟು ಡಿಗ್ರಿ ಇರುತ್ತೆ?"

"ಅದನ್ನ ಯಾರು ನೋಡ್ತಾರಕ್ಕ? ನಮ್ಮೋರು ಕೈಯಿಟ್ಟು ಚೆನ್ನಾಗಿದೆ ಅಂತಾರೆ."

"ಇನ್ಸುಲಿನ್ ಎರಡರಿಂದ ಎಂಟು ಡಿಗ್ರಿ ಒಳಗೆ ಇರಬೇಕು. ಬಿಸಿಯಾದ್ರೂ ಕೆಡುತ್ತೆ, ಹೆಪ್ಪುಗಟ್ಟಿದ್ರೂ ಕೆಡುತ್ತೆ. ಕೆಟ್ಟ ಇನ್ಸುಲಿನ್ ಚುಚ್ಚಿಕೊಂಡ್ರೆ ನೀರು ಚುಚ್ಚಿಕೊಂಡ ಹಾಗೆ. ನಿಮ್ಮತ್ತೇನ ಅನ್ನೋಕೆ ಮುಂಚೆ ಫ್ರಿಜ್ಜನ್ನ ಒಂದ್ಮಾತು ಕೇಳೋಣ."

ಅಕ್ಕ ಕೌಂಟರಿನ ಡ್ರಾಯರಿನಿಂದ ಬೆಂಕಿಪೊಟ್ಟಣದಷ್ಟು ದೊಡ್ಡ ಬಿಳಿ ಪೆಟ್ಟಿಗೆಯೊಂದನ್ನು ತೆಗೆದಳು. ಅದಕ್ಕೆ ಡೇಟಾ ಲಾಗರ್ ಎನ್ನುತ್ತಾರೆ. ಔಷಧಿ ದೂರದಿಂದ ಬರುವಾಗ ಜೊತೆಯಲ್ಲಿ ಇಟ್ಟಿರುತ್ತಾರೆ. ಎಷ್ಟು ತಣ್ಣಗಿದೆ, ಎಷ್ಟು ಬಿಸಿಯಾಯಿತು ಎಂದು ಹೊತ್ತುಹೊತ್ತಿಗೆ ತನ್ನೊಳಗೆ ಬರೆದಿಟ್ಟುಕೊಳ್ಳುತ್ತದೆ. ಆಮೇಲೆ ಕಂಪ್ಯೂಟರಿಗೆ ಚುಚ್ಚಿದರೆ ಬರೆದದ್ದನ್ನೆಲ್ಲ ತೋರಿಸುತ್ತದೆ.

ಅಂದೇ ಮಧ್ಯಾಹ್ನ ಅಕ್ಕ ಮನೆಗೆ ಬಂದಳು. ಕೂಲಿಂಗ್ ಅಣ್ಣ ಸ್ಕ್ರೂಡ್ರೈವರ್ ಹಿಡಿದೇ ನಕ್ಕ.

"ಏನು ಮೆಡಿಕಲ್ನೋರೇ, ಮೀನಿಗೆ ಈಜು ಹೇಳಿಕೊಡೋಕೆ ಬಂದ್ರಾ?"

"ಮೀನು ಈಜೋದು ಗೊತ್ತಣ್ಣ. ನೀರು ಹೇಗಿದೆ ಅಂತ ನೋಡೋಕೆ ಬಂದೆ."

ಬಿಲ್ಲಿನ ಕಂಪ್ಯೂಟರಿಗೆ ಲಾಗರಿನ ಸಾಫ್ಟ್‌ವೇರ್ ಹಾಕಿದಳು. ಲಾಗರನ್ನು ಚುಚ್ಚಿದಳು. ಪರದೆಯ ಮೇಲೆ ಒಂದು ಪುಟ ತೆರೆದುಕೊಂಡಿತು. ಅಷ್ಟರಲ್ಲಿ ಅವಳ ಔಷಧಿ ಅಂಗಡಿಯಿಂದ ಫೋನು ಬಂತು, ಯಾರಿಗೋ ತುರ್ತಾಗಿ ಔಷಧಿ ಬೇಕಂತೆ. "ನಾನು ಬರೋವರೆಗೂ ಇದನ್ನ ಮುಟ್ಟಬೇಡಿ, ಒಂದೊಂದೇ ನೋಡಿ ತುಂಬಬೇಕು" ಎಂದು ಹೇಳಿ ಓಡಿದಳು.

ಮುಟ್ಟಬೇಡಿ ಎಂದ ಮೇಲೆ ಮುಟ್ಟದೆ ಇರುವವನು ಮೆಕ್ಯಾನಿಕ್ ಹೇಗಾದಾನು? ಪುಟದಲ್ಲಿ ಏನೇನೋ ಕೇಳಿತ್ತು. ಅವನು ಓದಲಿಲ್ಲ. ನೆಕ್ಸ್ಟ್, ನೆಕ್ಸ್ಟ್, ನೆಕ್ಸ್ಟ್, ಸ್ಟಾರ್ಟ್. ಲಾಗರಿನ ಮೇಲೆ ಹಸಿರು ದೀಪ ಮಿನುಗಿತು. ಒಳಗೆ ಹೋಗಿ ಮನೆಯ ಫ್ರಿಜ್ಜಿನ ಬಾಗಿಲು ತೆರೆದು, ಬಾಗಿಲಿಗಿರುವ ಬಾಟಲಿ ಇಡುವ ಸಂದಿಯಲ್ಲಿ ಅದನ್ನು ನಿಲ್ಲಿಸಿದ. ಅಕ್ಕನಿಗೆ ಫೋನು ಮಾಡಿ, "ನೀವು ಮತ್ತೆ ಬರೋದು ಬೇಡ, ಎಲ್ಲಾ ಆಯ್ತು" ಅಂದ.

ಎರಡು ದಿನ ಕಳೆದ ಮೇಲೆ ತೆಗೆದು ಕಂಪ್ಯೂಟರಿಗೆ ಚುಚ್ಚಿದ. ಪರದೆಯ ಮೇಲೆ ಗೆರೆ ಮೂಡಿತು. ಐದು, ಆರು, ಐದು, ಆರು. ಎಲ್ಲೂ ಏರಿಲ್ಲ, ಇಳಿದಿಲ್ಲ.

"ಬಾ ಅಮ್ಮಾ, ಇಲ್ಲಿ ನೋಡು. ಫ್ರಿಜ್ಜು ಚಿನ್ನದಂಗಿದೆ. ಕಂಪ್ಯೂಟರೇ ಹೇಳ್ತಿದೆ. ಈಗಲಾದ್ರೂ ಒಪ್ಕೋ."

ಅಮ್ಮ ಪರದೆಯನ್ನು ನೋಡಿದರು. ಅವರಿಗೆ ಅದರಲ್ಲಿ ಒಂದು ಗೆರೆ ಮಾತ್ರ ಕಂಡಿತು. "ಯಂತ್ರಾನೇ ಹೇಳಿದ ಮೇಲೆ ನನ್ನ ಮಾತು ಯಾರು ಕೇಳ್ತಾರಪ್ಪ? ಸರಿ, ನಾನೇ ಕಳ್ಳಿ ಅಂತ ಇಟ್ಕೋ" ಎಂದು ಒಳಗೆ ಹೋದರು. ಅವತ್ತು ರಾತ್ರಿ ಅರ್ಧ ಊಟಕ್ಕೇ ತಟ್ಟೆ ಸರಿಸಿದರು. ಮರುದಿನ ಬೆಳಿಗ್ಗೆಯೂ ಹಾಗೇ. ಕೇಳಿದರೆ, "ತಿಂದ್ರೆ ತಾನೇ ಏರೋದು" ಎಂದರು. ಅವರ ಸಂಕಟ ನೋಡಲಾಗದೆ ಸೊಸೆ ಮೆಡಿಕಲ್ ಅಕ್ಕನನ್ನು ಕೈಹಿಡಿದು ಕರೆತಂದಳು.

ಅಕ್ಕ ಮೊದಲು ಹೋಗಿ ಕುಳಿತದ್ದು ಅಮ್ಮನ ಪಕ್ಕದಲ್ಲಿ.

"ಇನ್ಸುಲಿನ್ ತಗೊಳ್ಳೋರು ಊಟ ಬಿಟ್ರೆ ಶುಗರ್ ಒಮ್ಮೆಗೇ ಬಿದ್ದುಹೋಗುತ್ತೆ ದೊಡ್ಡಮ್ಮ, ಅದು ಇನ್ನೂ ಅಪಾಯ. ಮೊದಲು ಊಟ ಮಾಡಿ. ಕಳ್ಳ ಯಾರು ಅಂತ ಆಮೇಲೆ ನೋಡೋಣ."

ಅಮ್ಮ ಉಂಡ ಮೇಲೆಯೇ ಅವಳು ಕಂಪ್ಯೂಟರಿನ ಮುಂದೆ ಕುಳಿತಳು. ಗೆರೆಯನ್ನು ನೋಡಿದಳು. ಅದರ ಮೇಲಿನ ಚುಕ್ಕಿಗಳನ್ನು ಬೆರಳಿಟ್ಟು ಎಣಿಸಿದಳು.

"ಅಣ್ಣಾ, ಎರಡು ದಿನಕ್ಕೆ ಇಷ್ಟೇ ಚುಕ್ಕಿ. ಆರು ಗಂಟೆಗೊಂದು ಸಲ ಬರೀಬೇಕು ಅಂತ ಹಿಂದೆ ಯಾರೋ ಹಾಕಿದ್ದು ಹಾಗೇ ಇದೆ. ನೀವು ಬದಲಾಯಿಸಿಲ್ಲ."

"ಗೆರೆ ನೆಟ್ಟಗಿದೆಯಲ್ಲ?"

"ಎರಡು ಚುಕ್ಕೀನ ಸೇರಿಸಿ ಗೆರೆ ಎಳೆದಿರೋದು ಸಾಫ್ಟ್‌ವೇರು. ನಡುವೆ ಏನಾಯ್ತು ಅಂತ ಅದಕ್ಕೆ ಗೊತ್ತಿಲ್ಲ. ಬೆಳಿಗ್ಗೆ ಒಮ್ಮೆ ಸಂಜೆ ಒಮ್ಮೆ ಇಣುಕಿ ನೋಡಿ, ಮನೇಲಿ ದಿನವಿಡೀ ಜಗಳಾನೇ ಇಲ್ಲ ಅಂದ ಹಾಗೆ ಇದು. ಗಡಿಯಾರಾನೂ ತಪ್ಪು, ತಾರೀಖು ಯಾವ ಕಾಲದ್ದೋ ತೋರಿಸ್ತಿದೆ. ಅಲಾರಂ ಹಾಕೇ ಇಲ್ಲ. ಅದಿರಲಿ, ಇದನ್ನ ಎಲ್ಲಿಟ್ಟಿದ್ರಿ?"

"ಬಾಗಿಲಲ್ಲಿ."

"ಇನ್ಸುಲಿನ್ ಎಲ್ಲಿದೆ?"

ಕೂಲಿಂಗ್ ಅಣ್ಣ ಹೆಮ್ಮೆಯಿಂದಲೇ ತೋರಿಸಿದ. ಐಸ್ ಕಟ್ಟುವ ಪೆಟ್ಟಿಗೆಯ ನೇರ ಕೆಳಗೆ, ಹಿಂಬದಿಯ ತಗಡಿಗೆ ಒತ್ತಿಕೊಂಡು ಇನ್ಸುಲಿನ್ನಿನ ಡಬ್ಬಿ ಇತ್ತು. ಫ್ರಿಜ್ಜಿನ ಕೂಲಿಂಗ್ ಗುಂಡಿಯನ್ನು ಕೊನೆಯವರೆಗೂ ತಿರುಗಿಸಿದ್ದ. "ಇರೋದ್ರಲ್ಲಿ ಒಳ್ಳೇ ಜಾಗ ಅದು. ಬೆಲೆಬಾಳೋ ಔಷಧಿ, ಕೂಲಿಂಗ್ ಚೆನ್ನಾಗಿ ಸಿಗಲಿ ಅಂತ ನಾನೇ ಇಟ್ಟೆ" ಅಂದ.

ಅವನ ತಪ್ಪೂ ಅಲ್ಲ ಅನ್ನಿ. ಇಷ್ಟು ವರ್ಷದಲ್ಲಿ ಅವನ ಹತ್ತಿರ ಬಂದ ಗಿರಾಕಿಗಳೆಲ್ಲರದೂ ಒಂದೇ ದೂರು, ಕೂಲಿಂಗ್ ಸಾಲದು. ಕೂಲಿಂಗ್ ಜಾಸ್ತಿಯಾಯಿತು ಎಂದು ಫ್ರಿಜ್ಜು ಹೊತ್ತು ತಂದವರು ಒಬ್ಬರೂ ಇಲ್ಲ. ಹೆಚ್ಚು ತಣ್ಣಗಿರುವುದೇ ಒಳ್ಳೆಯ ಫ್ರಿಜ್ಜು ಎಂದು ಅವನ ಕೈ ಕಲಿತಿತ್ತು.

"ಬಾಗಿಲ ಹತ್ತಿರ ಐದು ಡಿಗ್ರಿ ಇದ್ರೆ ಅಲ್ಲೂ ಐದೇ ಇರಬೇಕಂತಿಲ್ಲ" ಎಂದಳು ಅಕ್ಕ. "ಜ್ವರ ಬಂದಿರೋದು ಒಬ್ಬರಿಗೆ, ನೀವು ಪಕ್ಕದ ಮನೆಯವರ ಕೈ ಹಿಡಿದು ನೋಡಿದ್ದೀರಿ. ಮತ್ತೆ ಶುರು ಮಾಡೋಣ. ಈ ಸಲ ಮೌಸ್ ಇವಳು ಹಿಡೀಲಿ."

ಸೊಸೆ ಕುರ್ಚಿ ಎಳೆದುಕೊಂಡಳು. "ನಂಗೇನು ಬರುತ್ತಕ್ಕ?" ಅಂದಳು. "ಓದೋಕೆ ಬರುತ್ತಲ್ಲ, ಸಾಕು. ಅವರು ಮಾಡದೆ ಇದ್ದಿದ್ದು ಅದೊಂದೇ" ಎಂದು ಅಕ್ಕ ಕಣ್ಣು ಮಿಟುಕಿಸಿದಳು.

ಲಾಗರನ್ನು ಚುಚ್ಚಿದರು. ಹಳೆಯ ಲೆಕ್ಕವನ್ನು ಅಳಿಸುವ ಮೊದಲು ಕಂಪ್ಯೂಟರಿನಲ್ಲಿ ಉಳಿಸಿಕೊಂಡರು, ಏಕೆಂದರೆ ಹೊಸದಾಗಿ ಶುರು ಮಾಡಿದರೆ ಹಳೆಯದು ಹೋಗಿಬಿಡುತ್ತದೆ. ಬ್ಯಾಟರಿ ತುಂಬಿದೆಯೇ ನೋಡಿದರು. ಕಂಪ್ಯೂಟರಿನ ಗಡಿಯಾರವನ್ನು ಕೈಗಡಿಯಾರಕ್ಕೆ ತಾಳೆ ನೋಡಿ, ಲಾಗರಿಗೂ ಅದೇ ಸಮಯ ಕೊಟ್ಟರು. ಎಷ್ಟು ಹೊತ್ತಿಗೊಮ್ಮೆ ಬರೆಯಬೇಕು ಎಂದು ಕೇಳಿದಲ್ಲಿ ಸೊಸೆ, "ಒಂದೊಂದು ಸೆಕೆಂಡಿಗೂ ಬರೀಲಿ, ಬಿಡೋದೇ ಬೇಡ" ಅಂದಳು.

"ಹಾಗೆ ಮಾಡಿದ್ರೆ ಜಾಗ ಬೇಗ ತುಂಬಿ ಬರೆಯೋದೇ ನಿಲ್ಲಿಸಿಬಿಡುತ್ತೆ ಕಣೇ. ಹತ್ತು ನಿಮಿಷಕ್ಕೊಮ್ಮೆ ಸಾಕು. ಇಲ್ಲೇ ಕೆಳಗೆ ನೋಡು, ಎಷ್ಟು ದಿನಕ್ಕೆ ಸಾಲುತ್ತೆ ಅಂತ ಅದೇ ಹೇಳುತ್ತೆ."

ಅಲಾರಂ ಎಂಬಲ್ಲಿ ಕೆಳಗಿನ ಮಿತಿ ಎರಡು, ಮೇಲಿನ ಮಿತಿ ಎಂಟು ಎಂದು ತುಂಬಿದರು. ಹೆಸರು ಕೇಳಿದಾಗ ಸೊಸೆ 'ಅತ್ತೆ ಇನ್ಸುಲಿನ್' ಎಂದು ಬರೆದಳು. ಎಲ್ಲವನ್ನೂ ಒಮ್ಮೆ ಗಟ್ಟಿಯಾಗಿ ಓದಿ ಸ್ಟಾರ್ಟ್ ಒತ್ತಿದಳು. ಲಾಗರನ್ನು ಇನ್ಸುಲಿನ್ ಡಬ್ಬಿಗೆ ತಾಗಿಸಿ, ಅದೇ ಜಾಗದಲ್ಲಿ ಇಟ್ಟರು. ಫ್ರಿಜ್ಜಿನ ಗುಂಡಿಯನ್ನು ಯಾರೂ ಮುಟ್ಟಕೂಡದು ಎಂದು ತಾಕೀತಾಯಿತು. ಅಮ್ಮನಿಗೆ ಮಾತ್ರ ಅಕ್ಕ ಹೊಸ ಇನ್ಸುಲಿನ್ ಕೊಟ್ಟು, ಆ ಜಾಗದ್ದನ್ನು ಚುಚ್ಚಿಕೊಳ್ಳಬೇಡಿ, ಇದನ್ನು ಬಾಗಿಲ ಸಂದಿಯಲ್ಲಿ ಇಟ್ಟುಕೊಳ್ಳಿ ಎಂದಳು. ಹೊಸದು ಚೆನ್ನಾಗಿ ಕೆಲಸ ಮಾಡಬಹುದು, ಆಗಾಗ ಶುಗರ್ ನೋಡಿಕೊಳ್ಳುತ್ತಿರಿ ಎಂದೂ ಹೇಳಿ, ಡಾಕ್ಟರಿಗೆ ಫೋನಿನಲ್ಲಿ ವಿಷಯ ತಿಳಿಸಿದಳು.

ಮೂರನೆಯ ದಿನ ನಾಲ್ವರೂ ಕಂಪ್ಯೂಟರಿನ ಮುಂದೆ ಸೇರಿದರು. ಸೊಸೆಯೇ ಲಾಗರನ್ನು ಚುಚ್ಚಿ ಡೌನ್‌ಲೋಡ್ ಒತ್ತಿದಳು. ಪರದೆಯ ಮೇಲೆ ಗೆರೆ ಮೂಡಿತು. ಈ ಸಲ ಅದು ನೆಟ್ಟಗಿರಲಿಲ್ಲ. ಹಗಲೆಲ್ಲ ಎರಡು ಮೂರು ಡಿಗ್ರಿ. ರಾತ್ರಿ ಊಟ ಮುಗಿದು ಫ್ರಿಜ್ಜಿನ ಬಾಗಿಲು ಮುಚ್ಚಿದ ಮೇಲೆ ಗೆರೆ ಇಳಿಯುತ್ತಾ ಹೋಗಿ, ಸೊನ್ನೆಯನ್ನೂ ದಾಟಿ ಕೆಳಗೆ ಕುಳಿತಿತ್ತು. ಬೆಳಿಗ್ಗೆ ಹಾಲು ತೆಗೆಯುವ ಹೊತ್ತಿಗೆ ಮೇಲೆ ಬರತೊಡಗಿತ್ತು. ಪ್ರತಿ ರಾತ್ರಿಯೂ ಹೀಗೆಯೇ, ಪ್ರತಿ ರಾತ್ರಿಯ ಪಕ್ಕದಲ್ಲೂ ಅಲಾರಮ್ಮಿನ ಕೆಂಪು ಗುರುತು.

ಕೂಲಿಂಗ್ ಅಣ್ಣ ಪರದೆಗೆ ಮೂಗು ತಾಗುವಷ್ಟು ಬಗ್ಗಿದ. "ಬೆಳಿಗ್ಗೆ ನೋಡಿದ್ರೆ ಇನ್ಸುಲಿನ್ ನೀರಾಗೇ ಇರುತ್ತಲ್ಲ?"

"ಅಷ್ಟೊತ್ತಿಗೆ ಕರಗಿರುತ್ತಣ್ಣ. ನೋಡೋಕೆ ವ್ಯತ್ಯಾಸ ಗೊತ್ತಾಗದೇ ಇರಬಹುದು. ಆದ್ರೆ ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್‌ನ ನಂಬೋ ಹಾಗಿಲ್ಲ. ಎಸೀಲೇಬೇಕು. ನೀವು ಕೈಯಿಟ್ಟು ನೋಡೋದು ಹಗಲಲ್ಲಿ, ಅದು ಕೆಡೋದು ರಾತ್ರೀಲಿ."

ಅಮ್ಮನೇ ಬಾಯಿ ತೆರೆದರು. "ಕೋತಿ ತಾನು ಮೊಸರು ತಿಂದು ಮೇಕೆ ಮೂತಿಗೆ ಒರೆಸಿತ್ತಂತೆ. ನಿನ್ನ ಫ್ರಿಜ್ಜು ಕೋತಿ ಕಣೋ, ನಾನು ಮೇಕೆ."

ಸೊಸೆ ನಗು ತಡೆಯಲಾರದೆ ಸೆರಗು ಬಾಯಿಗೆ ಒತ್ತಿಕೊಂಡಳು. ಮಗ ನಗಲಿಲ್ಲ. "ತಪ್ಪಾಯ್ತಮ್ಮ" ಅಂದ. "ಯಂತ್ರ ಹೇಳಿತು ಅಂತ ನಿನ್ನ ಮೇಲೆ ಹೊರಿಸಿದೆ. ಅದಕ್ಕೆ ನಾನೇ ಸರಿಯಾಗಿ ಹೇಳಿರಲಿಲ್ಲ." ಅಮ್ಮನ ಕಣ್ಣು ತುಂಬಿತು. ಆದರೂ ಬಿಡಲಿಲ್ಲ. "ನನ್ನ ಹತ್ರ ಹೇಳಿದ್ರೆ ಸಾಲದು. ಅವರು ನನ್ನ ಆಡಿಕೊಂಡಿದ್ದು ಅಂಗಡೀಲಿ ನಾಲ್ಕು ಜನರ ಮುಂದೆ" ಎಂದರು.

ಅವನು ಚಪ್ಪಲಿ ಮೆಟ್ಟಿಕೊಂಡು ನೇರ ಮೂಲೆಯ ಅಂಗಡಿಗೆ ಹೋದ. ಗಿರಾಕಿಗಳು ತುಂಬಿರುವ ಹೊತ್ತು ನೋಡಿಯೇ, "ನಮ್ಮಮ್ಮ ಏನೂ ಕದ್ದು ತಿಂದಿಲ್ಲ, ಔಷಧಿ ಕೆಡಿಸಿದ್ದು ನಾನು" ಎಂದು ಗಟ್ಟಿಯಾಗಿ ಹೇಳಿಬಂದ. ಕೂಲಿಂಗ್ ಅಣ್ಣನ ಫ್ರಿಜ್ಜೇ ಕೈಕೊಟ್ಟಿತು ಎಂಬ ಸುದ್ದಿ ಬೀದಿಯ ತುದಿ ಮುಟ್ಟಲು ಎಷ್ಟು ಹೊತ್ತು ಬೇಕು? ದೀಪದ ಬುಡದಲ್ಲೇ ಕತ್ತಲೆ ಎಂದು ಜನ ಆಡಿಕೊಂಡರು. ಅವನು ಆಡಿಕೊಳ್ಳಲಿ ಎಂದು ಬಿಟ್ಟ.

ಡಾಕ್ಟರು ಗೆರೆಯ ಪ್ರಿಂಟನ್ನು ಎರಡು ಸಲ ನೋಡಿದರು. ಡೋಸ್ ಏರಿಸಬೇಕೆಂದಿದ್ದವರು ತಡೆದರು. ಇನ್ಸುಲಿನ್ ಈಗ ಫ್ರಿಜ್ಜಿನ ನಡುವಿನ ಶೆಲ್ಫಿನಲ್ಲಿ, ಹಿಂದಿನ ತಗಡಿನಿಂದ ದೂರದಲ್ಲಿದೆ. ಗುಂಡಿ ಅರ್ಧಕ್ಕೆ ಇಳಿದಿದೆ. ಡಬ್ಬಿಯ ಪಕ್ಕದಲ್ಲೇ ಲಾಗರು. ವಾರಕ್ಕೊಮ್ಮೆ ಸೊಸೆ ಅದನ್ನು ಓದಿ, ಉಳಿಸಿಟ್ಟು, ಮತ್ತೆ ಶುರು ಮಾಡುತ್ತಾಳೆ. ಮುಂದಿನ ಚೀಟಿಯಲ್ಲಿ ಅಮ್ಮನ ಶುಗರ್ ಇಳಿದಿತ್ತು. ಗಾಯದ ಅಂಚು ಒಣಗತೊಡಗಿದೆ. ಬೆರಳು ಉಳಿಯುತ್ತದೆ ಎಂದು ಡಾಕ್ಟರು ಹೇಳಿದ್ದಾರೆ.

ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಮನೆಯಲ್ಲಿ, ಸಂಘದಲ್ಲಿ, ಅಂಗಡಿಯಲ್ಲಿ ತಣ್ಣಗಿಡಬೇಕಾದ ಔಷಧಿ ಇದೆಯೇ? ಇಂದೇ ಎದ್ದು ಅದು ಎಲ್ಲಿದೆ ನೋಡಿ. ಐಸಿಗೆ ತಾಗಿದ್ದರೆ ಸರಿಸಿ. ಹೆಪ್ಪುಗಟ್ಟಿತ್ತೆಂಬ ಅನುಮಾನವಿದ್ದರೆ ಔಷಧಿ ಅಂಗಡಿಯಲ್ಲೋ ಡಾಕ್ಟರ ಬಳಿಯೋ ಕೇಳಿ, ಡೋಸನ್ನು ಮಾತ್ರ ನೀವೇ ಬದಲಿಸಬೇಡಿ. ಲಾಗರ್ ಸಿಕ್ಕರೆ ಇಟ್ಟು ನೋಡಿ, ಕಂಪ್ಯೂಟರಿನ ಮುಂದೆ ಕುಳಿತಾಗ ಅದು ಕೇಳಿದ್ದನ್ನು ಓದಿ ಉತ್ತರ ಕೊಡಿ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ಮನೆಯವರ ಮೇಲೆ ಬೆರಳು ತೋರಿಸುವ ಮೊದಲು ಯಂತ್ರವನ್ನು ಕೇಳಿ. ಯಂತ್ರದ ಮಾತನ್ನು ನಂಬುವ ಮೊದಲು, ಅದಕ್ಕೆ ನೀವು ಹೇಳಿಕೊಟ್ಟದ್ದೇನು ಎಂದು ನಿಮ್ಮನ್ನು ಕೇಳಿಕೊಳ್ಳಿ.