ನಡುಗಿದ್ದು ನಾನು

ನಾನು ಒಂದು ಜೀಪು. ಸಮುದ್ರದ ಗಾಳಿ ಬೀಸುವ ಯಾವುದೋ ಊರಿನ ಕಾರ್ಖಾನೆಯಲ್ಲಿ ಹುಟ್ಟಿದೆ. ಕಾದ ಕಬ್ಬಿಣದ ವಾಸನೆ, ಸುತ್ತಿಗೆಯ ಸದ್ದು, ಮೈಮೇಲೆ ಬಿದ್ದ ಹಸಿರು ಬಣ್ಣದ ತಂಪು, ಇಷ್ಟೇ ಆಗಿನ ನೆನಪು. ಮುಂದಿನ ದೀಪಗಳು ಮೊದಲ ಸಲ ಹೊತ್ತಿದಾಗ ಎದುರಿಗೆ ಒಂದು ಬಿಳಿ ಗೋಡೆಯಿತ್ತು. ಲೋಕವೆಂದರೆ ಇದೇ ಎಂದುಕೊಂಡೆ.

ಕಾಲುವೆ ತೋಡಿಸುವ ಗುತ್ತಿಗೆದಾರರೊಬ್ಬರು ನನ್ನನ್ನು ಕೊಂಡರು. ಅವರ ಬಳಿ ಹನ್ನೊಂದು ವರ್ಷ ಮಣ್ಣಿನ ದಿಬ್ಬಗಳನ್ನು ಹತ್ತಿಳಿದೆ. ನನ್ನನ್ನು ಓಡಿಸುತ್ತಿದ್ದವನು ಜಡೇಗೌಡ. ಕಾಲುವೆಯ ಕೆಲಸ ಮುಗಿದಾಗ ಗುತ್ತಿಗೆದಾರರು, “ಇದು ನಿನ್ನ ಮಾತಷ್ಟೇ ಕೇಳುತ್ತೆ, ನೀನೇ ಇಟ್ಕೋ” ಎಂದು ನನ್ನನ್ನು ಅವನಿಗೇ ಕೊಟ್ಟುಬಿಟ್ಟರು. ಅವನು ನನ್ನನ್ನು ತನ್ನೂರಿಗೆ ಕರೆತಂದ.

ಅವನೂರು ಮಹದೇಶ್ವರ ಬೆಟ್ಟದ ಸಾಲಿನ ಕಾಡೊಳಗಿನ ಹೊನ್ನೆಬೈಲು ಪೋಡು. ಪೋಡೆಂದರೆ ಸೋಲಿಗರ ಪುಟ್ಟ ಊರು, ಇಪ್ಪತ್ತೆಂಟು ಮನೆ. ಅಲ್ಲಿಂದ ಕೆಳಗಿನ ಟಾರು ರಸ್ತೆಗೆ ಹದಿನಾಲ್ಕು ಕಿಲೋಮೀಟರ್ ಕಲ್ಲುದಾರಿ, ನಡುವೆ ಎರಡು ಹಳ್ಳ. ಪಡಿತರದ ಅಕ್ಕಿ, ಜೇನಿನ ಡಬ್ಬ, ಜ್ವರ ಬಂದವರು, ಮದುವೆಗೆ ಹೊರಟವರು ಎಲ್ಲರೂ ನನ್ನ ಬೆನ್ನೇರಿದರು. ಬೆಳಗಿನ ಮಂಜಿನಲ್ಲಿ ಇಳಿಯುವಾಗ ದಾರಿಯೇ ಕಾಣುತ್ತಿರಲಿಲ್ಲ. ಮೋಡದೊಳಗೆ ಈಜುತ್ತಿದ್ದೇನೆ, ಜಡೇಗೌಡನ ಎರಡು ಕೈಗಳೇ ನನ್ನ ದಿಕ್ಕು ಎನ್ನಿಸುತ್ತಿತ್ತು. ಅಂಥ ಗಟ್ಟಿ, ಮೃದುವಾದ ಕೈಗಳು.

ಹಳ್ಳದ ಬಂಡೆಗಳು ಮಾತ್ರ ನನ್ನ ಹೊಟ್ಟೆಯನ್ನು ಕೆರೆಯುತ್ತಿದ್ದವು. ಒಂದು ಸಲ ಎಣ್ಣೆಯೆಲ್ಲ ಸೋರಿ ಮೂರು ದಿನ ನೀರಿನಲ್ಲೇ ನಿಂತೆ. ಜಡೇಗೌಡನಿಗೆ ಸಂಕಟವಾಯಿತು. ದೂರದ ಪಟ್ಟಣದ ಒಂದು ವರ್ಕ್‌ಶಾಪಿಗೆ ಕರೆದೊಯ್ದು ನನ್ನನ್ನು ಎತ್ತರ ಮಾಡಿಸಿದ. ಚಕ್ರಗಳ ಅಚ್ಚನ್ನು ಹೊತ್ತ ಉಕ್ಕಿನ ಕಮಾನುಪಟ್ಟಿಗಳಿಗೆ ಇನ್ನೆರಡು ಪಟ್ಟಿ ಸೇರಿಸಿದರು, ಅವುಗಳ ತುದಿಯ ಕೊಂಡಿಗಳನ್ನು ಉದ್ದ ಮಾಡಿದರು. ಒಂದೇ ಮಧ್ಯಾಹ್ನದಲ್ಲಿ ನಾನು ನಾಲ್ಕು ಇಂಚು ಬೆಳೆದೆ.

ಆಹಾ, ಆ ಎತ್ತರ! ಲಂಟಾನ ಪೊದೆಗಳ ಆಚೆಗೆ ನನಗೆ ಮೊದಲ ಸಲ ಹುಲ್ಲುಗಾವಲು ಕಂಡಿತು. ಜಿಂಕೆಗಳು ತಲೆಯೆತ್ತಿ ನೋಡಿದವು. ಹಳ್ಳದ ಬಂಡೆಗಳು ಕನಸಿನಲ್ಲಿ ಬಂದುಹೋಗುವವರ ಹಾಗೆ ನನ್ನನ್ನು ಮುಟ್ಟದೆಯೇ ಕೆಳಗೆ ಸರಿದುಹೋದವು.

ಟಾರು ರಸ್ತೆಗೆ ಇಳಿದು ತುಸು ವೇಗ ಹಿಡಿದಾಗ ಮಾತ್ರ ಏನೋ ಆಯಿತು. ಒಂದು ಚಿಕ್ಕ ಗುಂಡಿ ಸಿಕ್ಕಿದ್ದೇ ತಡ, ಮುಂದಿನ ಚಕ್ರಗಳು ಕಿತ್ತುಹೋಗುವಂತೆ ಅದುರತೊಡಗಿದವು. ಸ್ಟೇರಿಂಗ್ ಗಡಗಡ ನಡುಗಿತು. ಜಡೇಗೌಡ ನಿಧಾನ ಮಾಡಿದ, ನಡುಕ ನಿಂತಿತು. ಅವನು ತನ್ನ ಕೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡ.

ಅವನ ಅಪ್ಪನಿಗೆ ಐವತ್ತರ ಹೊತ್ತಿಗೆ ಕೈನಡುಕ ಶುರುವಾಗಿತ್ತಂತೆ. ಜೇನಿಗೆಂದು ಹೆಮ್ಮರ ಹತ್ತುತ್ತಿದ್ದ ಕೈಗಳು ಕೊನೆಗೆ ಗಂಜಿಯ ಬಟ್ಟಲನ್ನೂ ಹಿಡಿಯದಾದವಂತೆ. ಜಡೇಗೌಡನಿಗೆ ಆಗ ನಲವತ್ತೊಂಬತ್ತು. ಒಬ್ಬನೇ ಓಡಿಸುವಾಗ ನನಗೆ ಕೇಳುವಂತೆ ಗೊಣಗುತ್ತಿದ್ದ: “ಬಂದ್ಬುಡ್ತು ಕನ. ಅಪ್ಪಂದು ನಂಗೂ ಬಂದ್ಬುಡ್ತು.”

ನಿನ್ನ ಕೈಯಲ್ಲ, ನಡುಗುತ್ತಿರುವುದು ನಾನು ಎಂದು ಕೂಗಬೇಕೆನ್ನಿಸುತ್ತಿತ್ತು. ನನಗಿದ್ದದ್ದು ಒಂದು ಹಾರನ್ನು. ಅದನ್ನೂ ಅವನೇ ಒತ್ತಬೇಕು.

ಕಾಡಿನಿಂದ ಹೊರಬರುವ ತಿರುವಿನಲ್ಲಿ ಒಂದು ದಿನ ನಡುಕ ಬಂದು, ನಾಲ್ಕು ಮಂದಿ ಹೆಂಗಸರನ್ನು ಹೊತ್ತಿದ್ದ ನಾನು ಕಣಿವೆಯ ಅಂಚಿಗೆ ಹೋಗಿ ನಿಂತೆ. ಅಂದಿನಿಂದ ಅವನು ಜನರನ್ನು ಕೂರಿಸುವುದನ್ನೇ ಬಿಟ್ಟ. ಕಾರಣ ಯಾರಿಗೂ ಹೇಳಲಿಲ್ಲ. ಅಕ್ಕಿ ಮೂಟೆ ತರುತ್ತಿದ್ದ, ಅಷ್ಟೆ. ಪೋಡಿನ ಜನ ನಡೆಯತೊಡಗಿದರು. “ಎತ್ತರದ ಗಾಡಿ ಆಯ್ತಲ್ಲ, ಇನ್ ನಾವೆಲ್ಲಿ ಕಾಣ್ತೀವಿ” ಎಂದರು.

ಹಾಗಿರುವಾಗ ಅವನ ಅಕ್ಕ ಕೇತಮ್ಮ ಹಳ್ಳದ ಜಾರುವ ಬಂಡೆಯ ಮೇಲೆ ಬಿದ್ದು ತೊಡೆ ಮುರಿದುಕೊಂಡಳು. ತಾಯಿ ಸತ್ತ ಮೇಲೆ ಅವನನ್ನು ಬೆನ್ನಿಗೆ ಕಟ್ಟಿಕೊಂಡು ಬೆಳೆಸಿದವಳು ಅವಳು. ಜನ ಓಡಿ ಬಂದರು.

“ಜಡೆಯಾ, ಗಾಡಿ ತೆಗಿ!”

ಅವನು ತಲೆ ತಗ್ಗಿಸಿ ನಿಂತ. ಕೈಗಳನ್ನು ಟವೆಲಿನಲ್ಲಿ ಸುತ್ತಿಕೊಂಡಿದ್ದ. “ಆಗಕ್ಕಿಲ್ಲ” ಎಂದ.

ಅವರು ಬಿದಿರಿಗೆ ಕಂಬಳಿ ಕಟ್ಟಿ ಅವಳನ್ನು ಹೊತ್ತರು. ಆ ಡೋಲಿ ನನ್ನ ಮುಂದೆಯೇ ಹಾದುಹೋಯಿತು. ಕೇತಮ್ಮ ಅಳುತ್ತಿರಲಿಲ್ಲ, ಬೈಯಲೂ ಇಲ್ಲ. ತಮ್ಮನನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ಅಂದು ನನ್ನ ಎತ್ತರದಿಂದ ನನಗೆ ಆ ಡೋಲಿ ದಾರಿಯ ಕೊನೆಯವರೆಗೂ ಕಾಣಿಸಿತು.

ಮಾರನೆಯ ಬೆಳಿಗ್ಗೆ ಜಡೇಗೌಡ ನನ್ನನ್ನು ಆಮೆಯಂತೆ ನಡೆಸಿಕೊಂಡು ಕೆಳಗಿನ ಅಡ್ಡರಸ್ತೆಯ ಮೆಕ್ಯಾನಿಕ್ ಆರೋಗ್ಯಸಾಮಿಯ ಶೆಡ್ಡಿಗೆ ತಂದ. ಆರೋಗ್ಯಸಾಮಿ ಕನ್ನಡಕಕ್ಕೆ ದಾರ ಕಟ್ಟಿಕೊಂಡಿದ್ದ ಮುದುಕ.

“ಇದ ಯಾರ್ಗಾರ ಕೊಟ್ಬುಡು. ನಾನ್ ಇನ್ ಓಡ್ಸಕ್ಕಿಲ್ಲ.”

“ಯಾಕ್ ಗೌಡ್ರೆ?”

ಜಡೇಗೌಡ ಎರಡೂ ಕೈ ಮುಂದೆ ಚಾಚಿದ. ಸ್ಟೇರಿಂಗ್ ಹಿಡಿದರೆ ಅವು ನಡುಗುತ್ತವೆಂದು, ಅಪ್ಪನ ಕಾಯಿಲೆಯೆಂದು, ಅದಕ್ಕೇ ಅಕ್ಕನನ್ನೂ ಕೂರಿಸಲಿಲ್ಲವೆಂದು, ಎಲ್ಲ ಹೇಳಿದ.

ಆರೋಗ್ಯಸಾಮಿ ನನ್ನನ್ನೇರಿ ಒಬ್ಬನೇ ರಸ್ತೆಗೆ ಹೊರಟ. ಗುಂಡಿ ಸಿಕ್ಕಿತು. ನಾನು ನಡುಗಿದೆ. ನನ್ನ ಜನ್ಮದಲ್ಲಿ ಅಷ್ಟು ಮನಸಾರೆ ಎಂದೂ ನಡುಗಿರಲಿಲ್ಲ. ಅವನು ಬೆವರುತ್ತ ಹಿಂದಿರುಗಿ ಜಡೇಗೌಡನೆದುರು ನಿಂತ.

“ನನ್ ಕೈನೂ ನಡುಗ್ತು ಗೌಡ್ರೆ. ಹಂಗಾದ್ರೆ ನಿಮ್ ಅಪ್ಪನ್ ಕಾಯಿಲೆ ನಂಗೂ ಬಂತಾ?”

ಜಡೇಗೌಡ ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟ.

ಎರಡು ದಿನ ಹುಡುಕಾಟ ನಡೆಯಿತು. ಆರೋಗ್ಯಸಾಮಿ ಮೊದಲು ಟೈರುಗಳನ್ನು ಅದಲು ಬದಲು ಮಾಡಿದ, ನಡುಕ ಹೋಗಲಿಲ್ಲ. ಸ್ಟೇರಿಂಗಿನ ಸವೆದ ಒಂದು ಕೀಲನ್ನು ಬದಲಿಸಿದ, ಕಡಿಮೆಯಾಯಿತು, ಹೋಗಲಿಲ್ಲ. ಕೊನೆಗೆ ನನ್ನಡಿಯಲ್ಲಿ ಅಂಗಾತ ಮಲಗಿ, ಬೀಡಿ ಕಚ್ಚಿಕೊಂಡು, ತುಂಬ ಹೊತ್ತು ಸುಮ್ಮನೆ ನೋಡಿದ. ಅವನ ಉಸಿರು ನನ್ನ ಹೊಟ್ಟೆಗೆ ಬೆಚ್ಚಗೆ ತಾಗುತ್ತಿತ್ತು.

“ಸಿಕ್ತು” ಎಂದ. ಕೊಂಡಿ ಉದ್ದವಾದದ್ದಕ್ಕೆ ಮುಂದಿನ ಅಚ್ಚು ವಾಲಿಕೊಂಡಿತ್ತು. ಹಾಗೆ ವಾಲಿದರೆ ಚಕ್ರಗಳಿಗೆ ನೇರ ಹೋಗುವ ಬುದ್ಧಿಯೇ ಮರೆತುಹೋಗುತ್ತದಂತೆ. ಮತ್ತೆ ಅವನು ಜಡೇಗೌಡನನ್ನೂ ಕೆಳಗೆ ಕರೆದು ಬ್ರೇಕಿನ ಕೊಳವೆ ತೋರಿಸಿದ. ಎತ್ತರಕ್ಕೆ ತಕ್ಕಷ್ಟು ಉದ್ದವಿಲ್ಲದೆ ಅದು ತಂತಿಯಂತೆ ಬಿಗಿದು ಬಿರುಕು ಬಿಟ್ಟಿತ್ತು.

“ತುಂಬಿದ ಗಾಡಿ ಆ ಇಳಿಜಾರಲ್ಲಿ ಒಂದ್ ಸಲ ಜೋರಾಗಿ ಕುಕ್ಕಿದ್ರೆ ಸಾಕಿತ್ತು, ಕಿತ್ಕೊಂಡು ಹೋಗೋದು. ಅಕ್ಕನ್ನ ಕೂರಿಸ್ದೆ ಇದ್ದದ್ದು ಒಳ್ಳೇದೇ ಆಯ್ತು ನೋಡಿ.”

ಜಡೇಗೌಡ ಆ ಬಿರುಕನ್ನು ಬೆರಳಿನಿಂದ ಸವರಿ ನೋಡಿದ.

ಸೇರಿಸಿದ್ದ ಪಟ್ಟಿಗಳಲ್ಲಿ ಒಂದನ್ನು ಬಿಚ್ಚಿದರು. ಕೊಂಡಿಗಳನ್ನು ಗಿಡ್ಡ ಮಾಡಿದರು. ಅಚ್ಚಿಗೂ ಪಟ್ಟಿಗೂ ನಡುವೆ ಉಕ್ಕಿನ ಓರೆ ಬೆಣೆಯಿಟ್ಟು ವಾಲಿದ್ದನ್ನು ಸರಿಪಡಿಸಿದರು. ಉದ್ದದ ಹೊಸ ಕೊಳವೆ ಬಂತು. ನನ್ನ ಎತ್ತರದಲ್ಲಿ ಎರಡು ಇಂಚು ಹೋಯಿತು, ಹುಲ್ಲುಗಾವಲು ಮತ್ತೆ ಪೊದೆಯ ಹಿಂದೆ ಮರೆಯಾಯಿತು. ಸ್ವಲ್ಪ ಬೇಸರವಾಯಿತು, ಸುಳ್ಳೇಕೆ ಹೇಳಲಿ? ಆದರೆ ಅದೇ ಗುಂಡಿಯ ಮೇಲೆ ಅದೇ ವೇಗದಲ್ಲಿ ಹಾದಾಗ ಏನೂ ಆಗಲಿಲ್ಲ. ಜಡೇಗೌಡ ಇನ್ನೊಮ್ಮೆ ತಿರುಗಿಸಿಕೊಂಡು ಬಂದು ಹಾದ. ಮೂರನೆಯ ಸಲವೂ ಹಾದ. ಮೂರನೆಯ ಸಲ ಅವನು ಅಳುತ್ತಿದ್ದ.

ಐದು ವಾರದ ಮೇಲೆ ಕೇತಮ್ಮನನ್ನು ಕರೆತರಲು ನಾವು ಆಸ್ಪತ್ರೆಯ ಬಾಗಿಲಿಗೆ ಹೋದೆವು. ಅವಳು ಕೋಲೂರಿಕೊಂಡು ಬಂದು ನನ್ನ ಪಕ್ಕ ನಿಂತಳು, ಹತ್ತಲಿಲ್ಲ.

“ಅವತ್ತು ಯಾಕ್ ಬರ್ಲಿಲ್ಲ?”

ಬ್ರೇಕಿನ ಕೊಳವೆಯ ಮಾತನ್ನು ಹೇಳಬಹುದಿತ್ತು. ಹೇಳಲಿ ಎಂದು ನಾನೂ ಆಸೆಪಟ್ಟೆ. ಜಡೇಗೌಡ ಅದನ್ನೆತ್ತಲೇ ಇಲ್ಲ.

“ಕೈ ನಡುಗ್ತಿತ್ತು ಅಕ್ಕಾ. ಅಪ್ಪಂದೇ ಬಂತು ಅಂದ್ಕಂಡೆ. ಯೋಳಕ್ಕೆ ನಾಚ್ಕೆ ಆಯ್ತು. ತಪ್ಪಾಯ್ತು.”

ಕೇತಮ್ಮ ಕೋಲನ್ನು ನನಗೆ ಒರಗಿಸಿದಳು. “ಅಪ್ಪನ್ ಕೈಗೆ ಗಂಜಿ ಬಟ್ಲ ಹಿಡಿಸ್ತಿದ್ದೋಳು ಯಾರ್ಲಾ? ನಾನಲ್ವಾ? ನಂಗ್ ಯೋಳಕ್ಕೂ ನಾಚ್ಕೆನಾ?” ಎಂದು ಅವನ ತೋಳಿಗೆ ಒಂದು ಗುದ್ದು ಕೊಟ್ಟಳು. ಆಮೇಲೆ ಅದೇ ತೋಳು ಹಿಡಿದು ನನ್ನನ್ನು ಹತ್ತಿದಳು. ಅಂದು ಹದಿನಾಲ್ಕು ಕಿಲೋಮೀಟರ್ ನಾನು ನೀರಿನ ಮೇಲಿನ ಎಲೆಯ ಹಾಗೆ ಹೋದೆ.

ಮತ್ತೆ ಹದಿನಾರು ವರ್ಷ ಪೋಡಿನ ಜನರನ್ನು ಹೊತ್ತೆ. ಈಗ ಅಲ್ಲಿಗೆ ಗಟ್ಟಿ ರಸ್ತೆಯಾಗಿದೆ, ಹೊಸ ಗಾಡಿಗಳು ಬಂದಿವೆ. ನಾನು ಕೇತಮ್ಮನ ಅಂಗಳದ ಹೊಂಗೆ ಮರದಡಿ ನಾಲ್ಕು ಕಲ್ಲುಗಳ ಮೇಲೆ ಕುಳಿತಿದ್ದೇನೆ. ಚಕ್ರಗಳಿಲ್ಲ. ಎಂಜಿನ್ನಿನ ಜಾಗದಲ್ಲಿ ಅಳಿಲುಗಳಿವೆ. ಎತ್ತರವಾಗಿದ್ದಾಗ ದೂರ ಕಂಡಿತ್ತು, ಹತ್ತಿರದಲ್ಲಿ ಕೂತವನಿಗೆ ಒಂದು ಮಾತು ಹೇಳಲಾಗಲಿಲ್ಲ. ಅದನ್ನು ಯೋಚಿಸುತ್ತ ನನಗೆ ಹಗಲಿಗೂ ಕನಸಿಗೂ ಗಡಿ ಅಳಿಸಿಹೋಗುತ್ತದೆ.

ಇಳಿಬಿಸಿಲಿನ ಹೊತ್ತಿಗೆ ಅಕ್ಕ ತಮ್ಮ ಇಬ್ಬರೂ ಬಂದು ನನ್ನ ಮುಂದಿನ ಸೀಟಿನಲ್ಲಿ ಕೂರುತ್ತಾರೆ. ಅವಳು ಎಲೆಯಡಿಕೆ ಮೆಲ್ಲುತ್ತ ಎದುರಿನ ಬೆಟ್ಟ ನೋಡುತ್ತಾಳೆ. ಅವನು ಸ್ಟೇರಿಂಗ್ ಹಿಡಿದಿರುತ್ತಾನೆ. ಮಂಜು ಮೆಲ್ಲಗೆ ಕಲ್ಲುಗಳ ಸಂದಿನಿಂದ ನನ್ನಡಿಗೆ ನುಸುಳುತ್ತದೆ, ನೆಲ ಮರೆಯಾಗುತ್ತದೆ.

“ವಸಿ ನಿಧಾನುಕ್ಕೆ ಓಡ್ಸು” ಎನ್ನುತ್ತಾಳೆ ಕೇತಮ್ಮ.

“ಊಂ ಕನಕ್ಕ” ಎನ್ನುತ್ತಾನೆ ಅವನು.