ಪಕ್ಕಿ ನೋಡು

ಭೂಮಿಕಾ ಅಳು ನಿಲ್ಲಿಸಿದಾಗ ನನಗೆ ಸಮಾಧಾನವೇ ಆಯಿತು. ಎರಡು ವರ್ಷದ ಮಗಳು. ಮೂರು ದಿನದಿಂದ ನೆಗಡಿ, ಕೆಮ್ಮು. ಮಧ್ಯಾಹ್ನ ಈರುಳ್ಳಿ ಹೊಲದ ಕಳೆ ಅರ್ಧಕ್ಕೇ ಬಿಟ್ಟು ಅವಳನ್ನು ಎತ್ತಿಕೊಂಡು ಬಂದಿದ್ದೆ. ಕುರಿ ಸಾಕುವ ನಮ್ಮ ಮನೆಗಳಲ್ಲಿ ಕೂಸಿಗೆ ಕೆಮ್ಮಾದರೆ ಮೊದಲು ಕಂಬಳಿ. ಕುತ್ತಿಗೆಯತನಕ ಸುತ್ತಿ ಮಲಗಿಸಿದೆ. ಕಣ್ಣು ಮುಚ್ಚಿದಳು. ಅಂತೂ ನಿದ್ದೆ ಹತ್ತಿತು ಅಂದುಕೊಂಡೆ. ಓಣಿಯಲ್ಲಿ ಯಾರೂ ಇರಲಿಲ್ಲ, ಎಲ್ಲರೂ ಹೊಲದಲ್ಲಿ.

ನನ್ನ ಗಂಡ ಬೀರಲಿಂಗೇಶ್ ಕುರಿ ಹೊಡೆದುಕೊಂಡು ಗಂಗಾವತಿ ಕಡೆಯ ಗದ್ದೆ ಬಯಲಿಗೆ ಹೋಗಿ ಎರಡು ತಿಂಗಳು. ಆ ಹೊತ್ತಿಗೇ ಅವರ ಫೋನ್ ಬಂತು. ಮಗಳು ಅಳು ಬಿಟ್ಟು ಮಲಗ್ಯಾಳ ಅಂದೆ. ಹಾಲು ಕುಡಿದಳಾ ಎಂದು ಕೇಳಿದರು. ಬೆಳಗಿನಿಂದ ಎರಡು ಗುಟುಕು ಕುಡಿಯುವುದರೊಳಗೆ ದಣಿದು ಹಾಲು ಬಿಟ್ಟುಬಿಡುತ್ತಿದ್ದಳು, ಅದನ್ನೇ ಹೇಳಿದೆ. ಅವರು ತಟ್ಟನೆ ಅಂದರು:

“ಕಂಬಳಿ ತಗಿ. ಅಂಗಿ ಎತ್ತಿ ಪಕ್ಕಿ ನೋಡು.”

“ಥಂಡಿ ಆಗ್ತತಿ. ಕುರಿ ಕಾಯೋರಿಗೆ ಕೂಸಿನ ಉಸಾಬರಿ ಯಾಕ್ರಿ?”

“ಕುರಿ ಒದರೋದು ಬಿಟ್ಟು ಸುಮ್ಮನ ನಿಂತರ ನನಗ ಹೆದರಿಕಿ ಆಗ್ತತಿ. ತಗಿ ಲೇ, ರೋಜಾ.”

ತೆಗೆದೆ. ಒಂದೊಂದು ಉಸಿರಿಗೂ ಪಕ್ಕೆಲುಬಿನ ಕೆಳಗೆ ಗುಳಿ ಬೀಳುತ್ತಿತ್ತು. ಮೂಗಿನ ಹೊಳ್ಳೆಗಳು ಅರಳುತ್ತಿದ್ದವು. ತುಟಿಯ ಸುತ್ತ ಬೂದಿ ಬಣ್ಣ. ಕರೆದರೆ ರೆಪ್ಪೆಯಷ್ಟೇ ಅಲುಗಿತು. ನಿದ್ದೆಯಲ್ಲ ಅದು, ಅಳುವಷ್ಟು ಉಸಿರೇ ಅವಳಲ್ಲಿರಲಿಲ್ಲ.

ಕಂಡದ್ದನ್ನು ಹೇಳಿದೆ. 108ಕ್ಕೆ ಫೋನ್ ಮಾಡು ಎಂದು ಹೇಳಿ ಅವರೇ ಫೋನ್ ಇಟ್ಟರು. 108ರವರು ಹೇಳಿದಂತೆ ಮಗಳನ್ನು ಹೆಗಲಿಗೆ ನೆಟ್ಟಗೆ ಆನಿಸಿಕೊಂಡು, ಗಾಡಿ ಬರುವತನಕ ಬಾಗಿಲಲ್ಲಿ ನಿಂತೆ. ಅಂಗೈ ಕೆಳಗೆ ಅವಳ ಬೆನ್ನು ಒಂದೇ ಸಮನೆ ಏರಿಳಿಯುತ್ತಿತ್ತು. ಆ ಇಪ್ಪತ್ತು ನಿಮಿಷ ಓಣಿಗೆ ಒಂದು ನರಪಿಳ್ಳೆಯೂ ಬರಲಿಲ್ಲ.

ಕೂಡ್ಲಿಗಿ ಆಸ್ಪತ್ರೆಯಲ್ಲಿ ಮೂಗಿಗೆ ಆಕ್ಸಿಜನ್ ಕೊಳವೆ ಹಾಕಿದರು. ನರ್ಸ್ ಅನ್ನದಾನಮ್ಮ ಗಡಿಯಾರ ನೋಡುತ್ತಾ ಉಸಿರು ಎಣಿಸಿದರು. ಇನ್ನೊಂದು ತಾಸು ತಡವಾಗಿದ್ದರೆ ಎಂದು ಶುರುಮಾಡಿ, ನನ್ನ ಮುಖ ನೋಡಿ ನಿಲ್ಲಿಸಿದರು.

ಸಂಜೆಗೆ ಗುಳಿ ಕಡಿಮೆಯಾಯಿತು, ತುಟಿಗೆ ಬಣ್ಣ ಬಂತು. ಇನ್ನು ಹೆದರಬೇಡಮ್ಮ ಅಂದರು ಡಾಕ್ಟರು. ಗಂಡನಿಗೆ ಫೋನ್ ಹಚ್ಚಿದೆ, ಸ್ವಿಚ್ ಆಫ್. ಚಾರ್ಜಿಗೆ ಹಾಕಲು ಯಾವುದೋ ಊರಿನತನಕ ನಡೆಯಬೇಕು ಅಲ್ಲಿ. ಕುರಿ ಬಿಟ್ಟು ಹೇಗೆ ಹೋದಾರು? ಮಗಳು ಉಳಿದದ್ದು ಅವರಿಗಿನ್ನೂ ಗೊತ್ತಿಲ್ಲ. ಪಕ್ಕದ ಮಂಚದವರು ಯಾರಿಗಮ್ಮ ಅಷ್ಟು ಸಲ ಹಚ್ಚುತ್ತೀ ಎಂದು ಕೇಳಿದರು. ನಾನು ಮತ್ತೆ ಹಚ್ಚಿದೆ.